ಶ್ರಾವಣದಲ್ಲಿ ಮೈಸೂರು

ಹೊಸದಾಗಿ ಮದುವೆಯಾದವರಿಗೆ ಗೊತ್ತಿರುವ ಊರಿನಷ್ಟು ಒಳ್ಳೆಯ ಊರು ಬೇರೆ ಇಲ್ಲ. ಹೊಸ ಊರಿನಲ್ಲಿ ಕಣ್ಣೆಲ್ಲ ಊರಿನ ಮೇಲೆ: ಬಸ್ಸು ಎಲ್ಲಿ, ಟಿಕೆಟ್ಟು ಎಲ್ಲಿ, ಊಟ ಎಲ್ಲಿ. ಗೊತ್ತಿರುವ ಊರಿನಲ್ಲಿ ಕಾಲು ತಾನೇ ದಾರಿ ಹಿಡಿಯುತ್ತದೆ, ಕಣ್ಣಿಗೆ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಪಕ್ಕದಲ್ಲಿ ನಡೆಯುತ್ತಿರುವವಳನ್ನು ನೋಡಬಹುದು. ಆಷಾಢಕ್ಕೆಂದು ತವರಿಗೆ ಹೋಗಿದ್ದ ಹೆಂಡತಿಯನ್ನು ಕರೆತರಲು ಶ್ರಾವಣದ ಮೊದಲ ಶನಿವಾರ ಮೈಸೂರಿಗೆ ಹೋದೆ. ಅವಳು ಹುಟ್ಟಿ ಬೆಳೆದದ್ದು ಅಲ್ಲಿನ ಅಗ್ರಹಾರದಲ್ಲಿ. ನಾನು ಓದಿದ್ದು ಮಹಾರಾಜ ಕಾಲೇಜಿನಲ್ಲಿ. ಮಾವನ ಮನೆಯಲ್ಲಿ ಬ್ಯಾಗು ಇಟ್ಟು, ಎರಡು ದಿನ ಯಾವ ಪಟ್ಟಿಯನ್ನೂ ಹಿಡಿಯದೆ ಊರು ಸುತ್ತಿದೆವು.

ಮೊದಲು ನಜರಬಾದಿನ ಮೈಲಾರಿ ದೋಸೆ. ಗರಿಗರಿ ದೋಸೆಯೇ ದೋಸೆ ಎನ್ನುವವರು ಇದನ್ನು ಒಮ್ಮೆ ಬೆರಳಲ್ಲಿ ಹಿಡಿದು ನೋಡಬೇಕು. ಬಾಳೆಲೆಯ ಮೇಲೆ ಮಡಿಸಿಟ್ಟ ದೋಸೆ, ನೆತ್ತಿಯ ಮೇಲೆ ಒಂದು ಉಂಡೆ ಬೆಣ್ಣೆ. ಹೊರಮೈ ನಸುಗೆಂಪು, ಒಳಗೆಲ್ಲ ಮೃದು. ಹರಿಯಲು ಬಲ ಬೇಡ, ಮುಟ್ಟಿದರೆ ಬಿಟ್ಟುಕೊಡುತ್ತದೆ. ಒಳಗೆ ಆಲೂಗಡ್ಡೆ ಪಲ್ಯದ ಬದಲು ಮೆತ್ತನೆಯ ಸಾಗು, ಪಕ್ಕದಲ್ಲಿ ಬೆಳ್ಳನೆಯ ಕಾಯಿಚಟ್ನಿ. ಬೆಣ್ಣೆ ಕರಗಿ ಚಟ್ನಿಯ ಅಂಚಿಗೆ ಬಂದು ತಲುಪುವವರೆಗೆ ಕಾಯಬೇಕು. ಆ ಎರಡೂ ಸೇರಿದ ಜಾಗದಿಂದ ಮೊದಲ ತುತ್ತು. ಇದನ್ನು ನನಗೆ ಕಲಿಸಿದವಳು ಅವಳು. ಕಾಲೇಜಿನ ದಿನಗಳಲ್ಲಿ ನಾನು ಹಸಿವಿಗೆ ತಿಂದದ್ದನ್ನು ಅವಳು ಚಿಕ್ಕಂದಿನಿಂದ ರುಚಿಗೆ ತಿಂದಿದ್ದಾಳೆ.

ಅಲ್ಲಿಂದ ದೇವರಾಜ ಮಾರುಕಟ್ಟೆ. ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಹೊಕ್ಕರೆ ಬಾಳೆಗೊನೆ, ಗೋಪುರವಾಗಿ ನಿಲ್ಲಿಸಿದ ಕುಂಕುಮ, ಅರಿಶಿನ, ಆಮೇಲೆ ಹೂವು. ಶ್ರಾವಣದ ಮಲ್ಲಿಗೆಗೆ ದರ ಏರಿತ್ತು. ಅದು ಏರಬೇಕಾದ ಹೂವೇ. ಬೆಳಗಿನ ಜಾವ ಕೊಯ್ದ ಮೊಗ್ಗು ಆಗಿನ್ನೂ ಬಿಗಿಯಾಗಿಯೇ ಇರುತ್ತದೆ. ಕಟ್ಟುವಾಕೆಯ ಬೆರಳಿಗೆ ಸಿಕ್ಕಿ, ನೆನೆಸಿದ ಬಾಳೆನಾರಿನ ಒಂದು ಸುತ್ತು ಬಿದ್ದು, ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ ನಿಲ್ಲುತ್ತವೆ. ಕಣ್ಣು ಗಿರಾಕಿಯ ಮೇಲಿದ್ದರೂ ಬೆರಳು ತಪ್ಪುವುದಿಲ್ಲ. ಅಳೆಯುವುದು ಮೊಳದಲ್ಲಿ, ಆಕೆಯದೇ ಮೊಣಕೈಯಿಂದ ಬೆರಳ ತುದಿಯವರೆಗೆ. ಮೇಲೆ ಒಂದು ಗೇಣು ಕೊಸರು. ಬೆಳಿಗ್ಗೆ ಮುಡಿದದ್ದು ಸಂಜೆಗೆ ಅರಳುತ್ತದೆ. ಹೂವಿನ ಲೆಕ್ಕಾಚಾರವೇ ಸಂಜೆಗೆ ಸೇರಿದ್ದು.

ಅದೇ ಸಾಲಿನಲ್ಲಿ ವೀಳ್ಯದೆಲೆ. ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಗಳ ಹಾಗೆ ಮೈಸೂರು ವೀಳ್ಯದೆಲೆಗೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಚಿಗುರೆಲೆ ಎಂದರೆ ತೆಳು, ನುಣುಪು, ಖಾರ ಕಡಿಮೆ, ನಾಲಗೆಯ ಮೇಲೆ ಬೇಗ ಕರಗುವ ಎಲೆ. ಮಧ್ಯಾಹ್ನ ಮಾವನ ಮನೆಯ ಊಟವಾದ ಮೇಲೆ ಅವಳು ನಡುಮನೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಕುಳಿತಳು. ಎಲೆಯ ತೊಟ್ಟು ಮುರಿದು, ಬೆನ್ನಿನ ನರ ಬಿಡಿಸಿ, ಕಿರುಬೆರಳ ತುದಿಯಷ್ಟೇ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ ಕೊಟ್ಟಳು. "ಸುಣ್ಣ ಜಾಸ್ತಿ ಆಯ್ತೇನ್ರೀ?" ಎಂದಳು. ಆಗಿರಲಿಲ್ಲ. ಎಲೆಯ ಹಸಿರು ಮೊದಲು, ಅಡಿಕೆಯ ಒಗರು ಆಮೇಲೆ, ಕೊನೆಗೆ ಎಲ್ಲಿಂದಲೋ ಬರುವ ಸಿಹಿ: ಮೂರೂ ತಮ್ಮ ತಮ್ಮ ಸರದಿಗೆ ಬಂದವು. ಮಾವನವರು ಪೇಪರ್ ಓದುತ್ತಿರುವವರಂತೆ ಮುಖ ಮುಚ್ಚಿಕೊಂಡಿದ್ದರು.

ಮಧ್ಯಾಹ್ನದ ಬಿಸಿಲು ವಾಲುವ ಹೊತ್ತಿಗೆ ಅರಮನೆ. ಎಲ್ಲರೂ ದರ್ಬಾರ್ ಹಾಲಿನ ಕಡೆ ಓಡುತ್ತಾರೆ. ನನ್ನ ಮನಸ್ಸು ನಿಲ್ಲುವುದು ಕಲ್ಯಾಣ ಮಂಟಪದಲ್ಲಿ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂಭ್ರಮದಲ್ಲೇ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಆ ಜಾಗದಲ್ಲಿ ಹೆನ್ರಿ ಇರ್ವಿನ್ ರೂಪಿಸಿದ ಈಗಿನ ಅರಮನೆ 1912ರಲ್ಲಿ ಮುಗಿಯಿತು. ಮದುವೆಯ ಮನೆಯಲ್ಲಿ ಸುಟ್ಟದ್ದನ್ನು ಮತ್ತೆ ಕಟ್ಟುವಾಗ ಮದುವೆಯ ಮಂಟಪಕ್ಕೆ ಇಷ್ಟು ಅಂದ ಸುರಿದರಲ್ಲ, ಆ ಧೈರ್ಯ ನನಗೆ ಬಹಳ ಇಷ್ಟ. ಎಂಟು ಮೂಲೆಯ ಮಂಟಪ, ಗ್ಲಾಸ್ಗೋದಿಂದ ಬಂದ ಎರಕದ ಕಬ್ಬಿಣದ ಕಂಬಗಳು, ಮೇಲೆ ನವಿಲುಗಳನ್ನು ತುಂಬಿಕೊಂಡ ಬಣ್ಣದ ಗಾಜಿನ ಗುಮ್ಮಟ. ಚಪ್ಪಲಿ ಹೊರಗೆ ಬಿಟ್ಟು ಬಂದಿರುವುದರಿಂದ ಅಂಗಾಲಿಗೆ ಹೆಂಚಿನ ನುಣುಪೂ ತಂಪೂ ತಾಗುತ್ತವೆ. ಗೋಡೆಯ ಮೇಲೆ ದಸರಾ ಮೆರವಣಿಗೆ ಸಾಗುತ್ತಲೇ ಇದೆ: ಆನೆ, ಕುದುರೆ, ವಾದ್ಯದವರು, ಮಹಡಿಯಿಂದ ಬಗ್ಗಿ ನೋಡುವ ಜನ. ಅವಳು ತಲೆಯೆತ್ತಿ ನವಿಲು ನೋಡುತ್ತಿದ್ದಳು. ಗಾಜಿನಿಂದ ಇಳಿದ ನೀಲಿ, ಹಸಿರು, ಅವಳ ಕೆನ್ನೆಯ ಮೇಲೆ ಬಿದ್ದು, ನಿಧಾನವಾಗಿ ಕತ್ತಿನ ಕಡೆಗೆ ಸರಿಯಿತು. ಗುಂಪು ನಮ್ಮನ್ನು ದಾಟಿ ಹೋಯಿತು. ನಾವು ನಿಂತೇ ಇದ್ದೆವು.

ಅದೇ 1912ರಲ್ಲಿ ಶುರುವಾದ ಇನ್ನೊಂದು ಸಂಗತಿ ಮೈಸೂರು ರೇಷ್ಮೆಯ ಕಾರ್ಖಾನೆ. ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಅರಮನೆಯ ಆಸರೆಯಲ್ಲಿ ಆರಂಭಿಸಿದ ಈ ನೇಯ್ಗೆಗೆ ಈಗ ಕೆಎಸ್‌ಐಸಿ ಒಡೆತನ. ಭಾನುವಾರ ಬೆಳಿಗ್ಗೆ ಅವರ ಮಳಿಗೆಯಲ್ಲಿ ಕಳೆದ ಹೊತ್ತನ್ನು ನಾನು ಈಗಲೂ ನೆನೆಯುತ್ತೇನೆ. ಈ ಸೀರೆಯ ಗುಟ್ಟಿರುವುದು ಹುರಿಯಲ್ಲಿ. ಹೊಕ್ಕಿನ ನೂಲಿಗೆ ಬಲವಾದ ಹುರಿ ಕೊಟ್ಟು, ಕೆಲವನ್ನು ಎಡಕ್ಕೆ, ಕೆಲವನ್ನು ಬಲಕ್ಕೆ ತಿರುಚಿ, ಸರದಿಯಂತೆ ನೇಯುತ್ತಾರೆ. ಆಮೇಲೆ ಬಟ್ಟೆಯನ್ನು ಸೋಪಿನ ನೀರಿನಲ್ಲಿ ಬೇಯಿಸಿ ರೇಷ್ಮೆಯ ಅಂಟು ಬಿಡಿಸಿದಾಗ, ಬಿಗಿಹಿಡಿದಿದ್ದ ಹುರಿ ಸಡಿಲಗೊಂಡು ಮೇಲೆಲ್ಲ ಕಣ್ಣಿಗೆ ಕಾಣದ, ಬೆರಳಿಗೆ ಮಾತ್ರ ತಿಳಿಯುವ ಸಣ್ಣ ತರಿ ಮೂಡುತ್ತದೆ. ಅದಕ್ಕೇ ಇದು ಕಾಂಜೀವರಂನಂತೆ ಗತ್ತಿನಿಂದ ನಿಲ್ಲುವುದಿಲ್ಲ, ಮೈಗೆ ಇಳಿಯುತ್ತದೆ. ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ, ಹೊಳಪು ಕಣ್ಣು ಕುಕ್ಕದು. ಪ್ರತಿ ಸೀರೆಗೂ ಅದರದೇ ಸಂಖ್ಯೆ.

ಅವಳು ತೆಗೆಸಿದ್ದು ಮಾವಿನೆಲೆ ಹಸಿರು, ಮೈಯೆಲ್ಲ ಒಂದೇ ಬಣ್ಣ, ಅಂಚಿಗೆ ಮಾತ್ರ ಸಣ್ಣ ಜರಿ. ಭುಜದ ಮೇಲೆ ಹಾಕಿಕೊಂಡಳು. ಸೆರಗು ಜಾರಿತು, ಒಂದು ಕ್ಷಣ ತಡೆಯಿತು, ಆಮೇಲೆ ಯಾವ ಸದ್ದೂ ಇಲ್ಲದೆ ಮೊಣಕಾಲಿನವರೆಗೆ ಇಳಿದು ನಿಂತಿತು. ಅಂಗಡಿಯವರು ಬೇರೆ ಬಣ್ಣ ತೆಗೆಯಲು ಕೈ ಚಾಚಿದ್ದರು; ಅವಳ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು.

ಭಾನುವಾರದ ಅರಮನೆ ದೀಪಾಲಂಕಾರಕ್ಕೆ ಕಾಯಲಿಲ್ಲ, ಮಧ್ಯಾಹ್ನದ ರೈಲು ಹಿಡಿಯಬೇಕಿತ್ತು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಮೈಸೂರು ಪಾಕ್ ಕಟ್ಟಿಸಿಕೊಂಡೆವು. ತುಪ್ಪದಲ್ಲಿ ತೇಲುವ ಮೆತ್ತನೆಯದು ಈಗ ಎಲ್ಲೆಡೆ ಸಿಗುತ್ತದೆ. ನಮ್ಮಿಬ್ಬರಿಗೂ ಬೇಕಾದದ್ದು ಹಳೆಯ ಗಟ್ಟಿ ಪಾಕು. ಸಕ್ಕರೆ ಪಾಕದಲ್ಲಿ ಕಡಲೆಹಿಟ್ಟು ಬೇಯುತ್ತಿರುವಾಗ ಕಾದ ತುಪ್ಪವನ್ನು ಮತ್ತೆ ಮತ್ತೆ ಹುಯ್ದರೆ ಹಿಟ್ಟು ನೊರೆಯೆದ್ದು ಉಬ್ಬಿ ಒಳಗೆಲ್ಲ ರಂಧ್ರವಾಗುತ್ತದೆ. ತಟ್ಟೆಗೆ ಸುರಿದ ಮೇಲೂ ನಡುವಿನ ಬಿಸಿ ಆರುವುದಿಲ್ಲ, ಅದು ತನ್ನಷ್ಟಕ್ಕೆ ಬೇಯುತ್ತಲೇ ಇರುತ್ತದೆ. ಕೊಯ್ದಾಗ ಮೇಲೆ ಕೆಳಗೆ ಹಳದಿ, ನಡುವೆ ಕಂದು ಪಟ್ಟಿ. ಹಲ್ಲಿಗೆ ಕರಕ್ ಎಂದು ಮುರಿದು, ಮರುಗಳಿಗೆ ಪುಡಿಯಾಗಿ, ತುಪ್ಪವನ್ನಷ್ಟೇ ನಾಲಗೆಗೆ ಬಿಟ್ಟು ಹೋಗುತ್ತದೆ. ರುಚಿಯೆಲ್ಲ ಆ ಕಂದು ಪಟ್ಟಿಯಲ್ಲಿದೆ.

ಕಟ್ಟಿಸಿದ್ದು ಬೆಂಗಳೂರಿನಲ್ಲಿರುವ ನನ್ನ ಅಮ್ಮನಿಗೆ. ಶ್ರೀರಂಗಪಟ್ಟಣ ದಾಟುವಾಗ ಅವಳು ಪೊಟ್ಟಣದ ದಾರ ಬಿಚ್ಚಿದಳು. ಪಾಂಡವಪುರದ ಹೊತ್ತಿಗೆ ಅರ್ಧ ಖಾಲಿ, ಮಂಡ್ಯದಲ್ಲಿ ನಾವು ಕೊನೆಯ ತುಂಡಿನ ಕಂದು ಪಟ್ಟಿಯನ್ನು ಸಮವಾಗಿ ಹಂಚಿಕೊಳ್ಳುವ ಕೆಲಸದಲ್ಲಿದ್ದೆವು.

"ಮದ್ದೂರು ಬರ್ತಿದೆ. ಅತ್ತೆಗೆ ವಡೆ ತಗೊಳ್ರೀ, ಬಿಸಿಯಾಗಿದ್ರೆ ಎರಡು ಜಾಸ್ತಿ ತಗೊಳ್ಳಿ" ಎಂದಳು.