ಗಾಡಿಯಲ್ಲಿ ಐವರು ಅಪರಿಚಿತರು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರಲ್ಲಿ ಹಳೆಯ ತಮಾಷೆಯೊಂದಿದೆ. ಕಥೆ ಎಲ್ಲಿ ಶುರು ಅಂತ ಕೇಳುವುದೇ ಬೇಡ, ಹೆಂಡದಂಗಡಿಯಲ್ಲಿ. ಕತ್ತಿ ಹಿಡಿದವನೊಬ್ಬ, ಮಂತ್ರ ಕಲಿತವಳೊಬ್ಬಳು, ದೇವರ ಹೆಸರು ಹೇಳಿ ಗಾಯ ಮಾಯಿಸುವ ಕ್ಲೆರಿಕ್ ಒಬ್ಬ, ಮೂಲೆಯ ಮೇಜಿನಲ್ಲಿ ಮುಸುಕೆಳೆದುಕೊಂಡು ಯಾರೊಂದಿಗೂ ಮಾತಾಡದ ಕಳ್ಳನೊಬ್ಬ. ಅಷ್ಟರಲ್ಲಿ ಮುದುಕನೊಬ್ಬ ಒಳಗೆ ಬಂದು ನಕ್ಷೆ ಬಿಚ್ಚುತ್ತಾನೆ. ಹತ್ತು ನಿಮಿಷದಲ್ಲಿ ನಾಲ್ವರೂ ಒಂದೇ ದಾರಿ ಹಿಡಿದಿರುತ್ತಾರೆ. ಈ ಆರಂಭವನ್ನು ಹೀಗಳೆಯದ ಆಟಗಾರನೇ ಇಲ್ಲ. ನನ್ನ ಪ್ರಕಾರ ಬೈಗುಳವೆಲ್ಲ ತಪ್ಪು ವಿಳಾಸಕ್ಕೆ ಹೋಗುತ್ತಿದೆ. ಹೆಂಡದಂಗಡಿಯ ತಪ್ಪೇನೂ ಇಲ್ಲ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಆಗುತ್ತದೋ ಇಲ್ಲವೋ ಎನ್ನುವಲ್ಲಿ ದಾಳ ಉರುಳಿಸುತ್ತಾರೆ. ಉಳಿದ ಲೋಕವನ್ನೆಲ್ಲ ನಡೆಸುವವರು ಡಂಜನ್ ಮಾಸ್ಟರ್, ಎಲ್ಲರ ಬಾಯಲ್ಲಿ ಡಿಎಂ. ತಿಂಗಳುಗಟ್ಟಲೆ ಎಳೆಯುವ ಕಥೆ ಕ್ಯಾಂಪೇನ್. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದಾಗ ಪಾತ್ರಗಳು ಏಕೆ ಒಟ್ಟಿಗಿವೆ ಎಂಬ ಪ್ರಶ್ನೆ ಯಾರನ್ನೂ ಕಾಡಲಿಲ್ಲ. ಸೈನ್ಯಗಳನ್ನು ಮೇಜಿನ ಮೇಲೆ ಕಾದಾಡಿಸುವ ಆಟಗಳಿಂದ ಹುಟ್ಟಿದ್ದು ಅದು. ನೆಲಮಾಳಿಗೆಯಿಂದ ಚಿನ್ನ ಹೊತ್ತು ತಂದಷ್ಟೂ ಅನುಭವದ ಅಂಕ ಸಿಗುತ್ತಿತ್ತು. ಒಬ್ಬನೇ ಇಳಿದರೆ ಸಾಯುವುದು ಖಂಡಿತ. ಲೆಕ್ಕವೇ ಅವರನ್ನು ಕಟ್ಟಿಹಾಕಿತ್ತು. ಗೈಗ್ಯಾಕ್ಸ್ 1979ರಲ್ಲಿ ಬರೆದ 'ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್'ನಲ್ಲಿ ಪಾತ್ರಗಳು ಗಡಿಕೋಟೆಯ ಬಾಗಿಲಿಗೆ ಬಂದು ನಿಂತರೆ ಮುಗಿಯಿತು, ಆಟ ಶುರು. ತೊಂದರೆ ಬಂದದ್ದು ಆಮೇಲೆ, ಆಟಗಾರರು ಪಾತ್ರದ ಅಪ್ಪ ಅಮ್ಮ, ಸುಟ್ಟುಹೋದ ಊರು, ಮುರಿದ ಪ್ರೀತಿ ಎಲ್ಲವನ್ನೂ ಬರೆದು ತರತೊಡಗಿದ ಮೇಲೆ. ಚಿನ್ನಕ್ಕಾಗಿ ಬಂದವನಿಗೆ ಜೊತೆಗಾರ ಯಾರಾದರೂ ಆದೀತು. ತಂದೆಯ ಕೊಲೆಗಾರನನ್ನು ಹುಡುಕುತ್ತಿರುವವನು ಅಪರಿಚಿತರ ಜೊತೆ ಗಾಡಿ ಏಕೆ ಹತ್ತಬೇಕು?

ಗಾಡಿ ಎಂದೆ. 2014ರ ಸ್ಟಾರ್ಟರ್ ಸೆಟ್‌ನಲ್ಲಿದ್ದ 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್' ಇದಕ್ಕೆ ತಕ್ಕ ಉದಾಹರಣೆ. ಐದನೇ ಆವೃತ್ತಿಯ ಕಾಲದಲ್ಲಿ ಆಟ ಕಲಿತ ಅನೇಕರು ಮೊದಲು ಆಡಿದ್ದು ಇದನ್ನೇ. ಗುಂಡ್ರೆನ್ ರಾಕ್‌ಸೀಕರ್ ಎಂಬ ಕುಳ್ಳ ಕುಲದವನು ನೆವರ್‌ವಿಂಟರ್ ನಗರದಲ್ಲಿ ಒಂದು ಗಾಡಿ ಸಾಮಾನು ಒಪ್ಪಿಸಿ, ಫ್ಯಾಂಡಲಿನ್ ಎಂಬ ಊರಿನ ಬಾರ್ಥೆನ್ ಅಂಗಡಿಗೆ ಮುಟ್ಟಿಸಿ, ತಲೆಗೆ ಹತ್ತು ಚಿನ್ನದ ನಾಣ್ಯ ಎನ್ನುತ್ತಾನೆ. ತಾನು ಅಂಗರಕ್ಷಕನೊಬ್ಬನ ಜೊತೆ ಮುಂದೆ ಹೊರಡುತ್ತಾನೆ. ಅರ್ಧ ದಾರಿಯಲ್ಲಿ ಎರಡು ಸತ್ತ ಕುದುರೆಗಳು ಅಡ್ಡ ಬಿದ್ದಿವೆ, ಮೈಯಲ್ಲಿ ಕಪ್ಪು ಗರಿಯ ಬಾಣಗಳು ನಾಟಿವೆ, ಪಕ್ಕದಲ್ಲಿ ನಕ್ಷೆಯಿಲ್ಲದ ಖಾಲಿ ಕೊಳವೆ. ಹತ್ತಿರ ಹೋದರೆ ಪೊದೆಯಿಂದ ಗಾಬ್ಲಿನ್‌ಗಳು ಎರಗುತ್ತವೆ. ಹೊಸಬರಿಗೆ ಇದಕ್ಕಿಂತ ಚೊಕ್ಕದಾದ ಆರಂಭ ಕಷ್ಟ. ಪೀಠಿಕೆ ಎರಡು ನಿಮಿಷ, ಕೂಡಲೇ ಒಂದು ದೃಶ್ಯ, ಒಂದು ಒಗಟು, ಒಂದು ಹೊಡೆದಾಟ.

ಪಾತ್ರಗಳ ವಿಷಯದಲ್ಲಿ ಮಾತ್ರ ಕೈ ತಪ್ಪಿದೆ. ಪೆಟ್ಟಿಗೆಯೊಳಗೆ ಸಿದ್ಧ ಪಾತ್ರಗಳ ಐದು ಹಾಳೆಗಳಿವೆ. ಕ್ಲೆರಿಕ್‌ಗೆ ಗುಂಡ್ರೆನ್ ದಾಯಾದಿ. ರೋಗ್‌ಗೆ, ಅಂದರೆ ಕಳ್ಳನಿಗೆ, ಫ್ಯಾಂಡಲಿನ್ನಿನ ರೆಡ್‌ಬ್ರ್ಯಾಂಡ್ ಪುಂಡರ ಮೇಲೆ ಸೇಡು. ಮಾಂತ್ರಿಕ ಅಪವಿತ್ರಗೊಂಡ ಬಲಿಪೀಠವೊಂದನ್ನು ಶುದ್ಧ ಮಾಡಬೇಕು. ಬಿಲ್ಲುಗಾರ ಥಂಡರ್‌ಟ್ರೀ ಎಂಬ ಹಾಳೂರಿನಿಂದ ಡ್ರ್ಯಾಗನ್ ಓಡಿಸಬೇಕು. ಎಲ್ಲವೂ ಜಾಣತನದ ಎಳೆಗಳೇ. ಒಂದೊಂದೂ ನಕ್ಷೆಯ ಒಂದೊಂದು ಜಾಗಕ್ಕೆ ಹೋಗಿ ಮುಟ್ಟುತ್ತದೆ. ಅವುಗಳಲ್ಲಿ ಒಂದೂ ಪಕ್ಕದಲ್ಲಿ ಕೂತವನನ್ನು ಮುಟ್ಟುವುದಿಲ್ಲ. ಆಟ ಶುರುವಾಗುವ ಮುನ್ನ ಗುಂಡ್ರೆನ್ ನಿಮಗೆ ಹೇಗೆ ಗೊತ್ತು ಎಂದು ಆಟಗಾರರನ್ನು ಕೇಳಿ ಎಂದು ಡಿಎಂಗೆ ಪುಸ್ತಕ ಹೇಳಿಕೊಡುತ್ತದೆ. ಪ್ರಶ್ನೆ ಒಳ್ಳೆಯದೇ, ಕೇಳಿದ್ದು ತಪ್ಪು ಮನುಷ್ಯನ ಬಗ್ಗೆ. ಮದುವೆ ಮನೆಯ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತವರಿಬ್ಬರೂ ಗಂಡಿನ ಕಡೆಯವರೇ ಇರಬಹುದು, ಹಾಗಂತ ಅವರು ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ. ಅದೂ ಇಲ್ಲಿ ಊಟಕ್ಕೆ ಕರೆದವನೇ ನಾಪತ್ತೆ! ಎಲ್ಲರನ್ನೂ ಬೆಸೆಯಬೇಕಾದ ಗುಂಡ್ರೆನ್ ಮೊದಲ ದೃಶ್ಯಕ್ಕೂ ಮುಂಚೆ ಸೆರೆಯಾಗಿ, ಕಥೆಯ ಬಹುಭಾಗ ಕಣ್ಣಿಗೇ ಬೀಳುವುದಿಲ್ಲ. ಅವನಿಲ್ಲದ್ದು ಕ್ಲೆರಿಕ್‌ಗೆ ನೋವು. ಉಳಿದವರಿಗೆ ಬಾಕಿ ಕೂಲಿ.

ಇದನ್ನು ಡ್ರ್ಯಾಗನ್‌ಲ್ಯಾನ್ಸ್ ಪಕ್ಕದಲ್ಲಿಟ್ಟು ನೋಡಬೇಕು. ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್ ಬರೆದ ಆ ಸರಣಿಯ ಮೊದಲ ಕಾದಂಬರಿ 1984ರದು. ಅದೇ ಕಥೆಯ ಆಟದ ಪುಸ್ತಕಗಳೂ ಆಗಲೇ ಬರತೊಡಗಿದವು. ಕಾದಂಬರಿಯ ಆರಂಭವೂ ಛತ್ರದಂಥ ಹೆಂಡದಂಗಡಿಯಲ್ಲೇ. ದೈತ್ಯ ಮರದ ಮೇಲೆ ಕಟ್ಟಿದ ಅಂಗಡಿ, ಮಾಲೀಕ ಓಟಿಕ್‌ನ ಮಸಾಲೆ ಆಲೂಗಡ್ಡೆ, ಎಲ್ಲ ಮಾಮೂಲು. ಆದರೆ ಒಳಗೆ ಸೇರುತ್ತಿರುವವರು ಐದು ವರ್ಷದ ಹಿಂದೆ ಮತ್ತೆ ಸಿಗೋಣವೆಂದು ಮಾತು ಕೊಟ್ಟು ಚದುರಿದ್ದ ಹಳೆಯ ಸ್ನೇಹಿತರು. ಮಾತು ಕೊಟ್ಟವರಲ್ಲಿ ಒಬ್ಬಳು, ಕಿಟಿಯಾರಾ, ಬರುವುದಿಲ್ಲ. ಅವಳು ಆ ಸ್ನೇಹಿತರಲ್ಲೊಬ್ಬನಾದ ಟ್ಯಾನಿಸ್‌ಗೆ ಪ್ರೇಯಸಿಯಾಗಿದ್ದವಳು, ಅವಳಿ ಸೋದರರಾದ ಕ್ಯಾರಮನ್ ಮತ್ತು ರೈಸ್ಟ್‌ಲಿನ್‌ಗೆ ತಾಯಿಯ ಕಡೆಯಿಂದ ಅಕ್ಕ. ಬಾರದವಳೊಬ್ಬಳ ಕೊರತೆ ಮೂವರಿಗೆ ಮೂರು ಥರ ಚುಚ್ಚುತ್ತದೆ. ಗುಂಡ್ರೆನ್ ಇಲ್ಲದಿರುವುದಕ್ಕೂ ಕಿಟಿಯಾರಾ ಇಲ್ಲದಿರುವುದಕ್ಕೂ ಇರುವ ಅಂತರದಲ್ಲೇ ನನ್ನ ವಾದವೆಲ್ಲ ಇದೆ.

ಸೆರೆಮನೆಯಲ್ಲಿ ಶುರು ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. 2015ರ 'ಔಟ್ ಆಫ್ ದಿ ಅಬಿಸ್' ಪಾತ್ರಗಳನ್ನು ನೆಲದಾಳದ ಕಾವಲು ಠಾಣೆಯೊಂದರಲ್ಲಿ ಬೇಡಿ ಹಾಕಿ ಕೂರಿಸುತ್ತದೆ. ಜೊತೆಗೆ ಡಿಎಂ ಆಡಿಸಬೇಕಾದ ಹತ್ತು ಕೈದಿಗಳು, ಅದರಲ್ಲೊಂದು ಮಾತಾಡುವ ಅಣಬೆ ಮರಿ. ಪಾರಾಗುವ ತನಕ ಯಾರೂ ಜಗಳಾಡುವುದಿಲ್ಲ, ನಿಜ. ಒಟ್ಟಿಗೆ ಓಡಿಹೋಗಲು ಕಾರಣ ಸಿಗುತ್ತದೆ, ಒಟ್ಟಿಗೆ ಇರಲು ಅಲ್ಲ. ಸಾಲದ್ದಕ್ಕೆ ಆಟಗಾರರು ಮೊದಲು ಪ್ರೀತಿಸತೊಡಗುವುದು ಪರಸ್ಪರರನ್ನಲ್ಲ, ಆ ಅಣಬೆ ಮರಿಯನ್ನು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಹೊರಗೆ ಇದಕ್ಕೆ ಒಳ್ಳೆಯ ಉತ್ತರಗಳು ಬಂದು ಬಹಳ ಕಾಲವಾಯಿತು. ಜೇಸನ್ ಮಾರ್ನಿಂಗ್‌ಸ್ಟಾರ್ 2009ರಲ್ಲಿ ತಂದ 'ಫಿಯಾಸ್ಕೋ'ದಲ್ಲಿ ಪಾತ್ರಕ್ಕಿಂತ ಮೊದಲು ಸಂಬಂಧವೇ ಹುಟ್ಟುತ್ತದೆ: ಪಕ್ಕಪಕ್ಕ ಕೂತ ಇಬ್ಬರ ನಡುವೆ ಏನಿದೆ ಎಂಬುದು ದಾಳದಿಂದ ಗೊತ್ತಾದ ಮೇಲೆ ಅವರು ಯಾರು ಎಂಬುದು. ಅದು ಒಂದೇ ರಾತ್ರಿಯ ಆಟವಾದ್ದರಿಂದ ನಂಟು ಹಳಸುವ ಭಯವಿಲ್ಲ. 2012ರ 'ಡಂಜನ್ ವರ್ಲ್ಡ್' ಪಾತ್ರದ ಹಾಳೆಯಲ್ಲೇ ಬಿಟ್ಟಸ್ಥಳದ ವಾಕ್ಯಗಳನ್ನಿಟ್ಟಿತು. ಯಾರನ್ನು ಕಂಡರೆ ಅನುಮಾನ, ಯಾರು ನನಗೆ ಪ್ರಾಣದ ಋಣಿ ಎಂಬಲ್ಲಿ ಜೊತೆಗಾರರ ಹೆಸರು ತುಂಬಬೇಕು. ಆ ನಂಟು ಒಂದು ದಡ ಸೇರಿದಾಗ ಅಂಕವೂ ಸಿಗುತ್ತದೆ. ಹಳೆಯ ಚಿನ್ನದ ಲೆಕ್ಕವನ್ನೇ ಸ್ನೇಹದ ಮೇಲೆ ಹೂಡಿದ ಜಾಣ ಉಪಾಯ. ಆದರೆ ಅವಸರದಲ್ಲಿ ತುಂಬಿದ ವಾಕ್ಯ ಮೂರನೇ ವಾರಕ್ಕೆ ಯಾರಿಗೂ ನೆನಪಿರುವುದಿಲ್ಲ. ಜಾನ್ ಹಾರ್ಪರ್‌ನ 'ಬ್ಲೇಡ್ಸ್ ಇನ್ ದಿ ಡಾರ್ಕ್' (2017) ಇನ್ನೂ ಗಟ್ಟಿ. ಅಲ್ಲಿ ಗ್ಯಾಂಗಿಗೇ ಒಂದು ಪ್ರತ್ಯೇಕ ಹಾಳೆ, ಅದಕ್ಕೇ ಬೆಳವಣಿಗೆ, ಅದಕ್ಕೇ ಶತ್ರುಗಳು. ಕಳ್ಳಸಾಗಣೆಯೋ ಕೊಲೆಯೋ, ಕಸುಬನ್ನು ಎಲ್ಲರೂ ಸೇರಿ ಆರಿಸುತ್ತಾರೆ. ಯಾರನ್ನೂ ನಂಬದ ಒಂಟಿ ತೋಳಕ್ಕೂ ಅಲ್ಲಿ ಪಾಲುಗಾರಿಕೆ ಇದ್ದೇ ಇದೆ.

ಬೆಂಗಳೂರಿನ ಬೋರ್ಡ್‌ಗೇಮ್ ಕೆಫೆಗಳಲ್ಲಿ ವಾರಾಂತ್ಯಕ್ಕೆ ಆಡುವವರಿಗೆ ಇದು ಇನ್ನೊಂದು ಸುತ್ತು ಬಿಗಿಯಾದ ಗಂಟು. ಪಾತ್ರಗಳಷ್ಟೇ ಅಲ್ಲ, ಆಡುವವರೂ ಒಬ್ಬರಿಗೊಬ್ಬರು ಹೊಸಬರು. ಕಾಲೇಜಿನ ಗೆಳೆಯರಾದರೆ "ಗುರು, ಸುಮ್ನೆ ಬಾ, ಇಲ್ದಿದ್ರೆ ಆಟ ಮುಂದಕ್ಕೆ ಹೋಗಲ್ಲ" ಎಂದು ಎಳೆದುಕೊಂಡು ಹೋಗಬಹುದು. ಈಗಷ್ಟೇ ಪರಿಚಯವಾದವರಿಗೆ ಹಾಗೆನ್ನಲು ಬಾಯಿ ಬರುವುದಿಲ್ಲ. "ನನ್ನ ಕ್ಯಾರೆಕ್ಟರ್ ಯಾರ ಜೊತೆನೂ ಸೇರಲ್ಲ" ಎಂದವರನ್ನು ಒಲಿಸುವ ಕೆಲಸ ಡಿಎಂ ತಲೆಗೆ ಬಂದು, ಸಂಜೆ ಅರ್ಧ ಅಲ್ಲೇ ಕಳೆಯುತ್ತದೆ. ಇದಕ್ಕೆ ಮದ್ದೆಂದು ಎಲ್ಲರೂ ಹೇಳುವುದು ಸೆಷನ್ ಝೀರೋ, ಅಂದರೆ ಆಟಕ್ಕೆ ಮೊದಲು ಒಮ್ಮೆ ಕೂತು ಮಾತಾಡುವುದು. 2020ರ 'ತಾಷಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್' ಅದಕ್ಕೆ ಜಾಗವನ್ನೂ ಕೊಟ್ಟಿದೆ. ಯಾವ ವಾರ ಯಾರಿಗೆ ಬಿಡುವು, ಯಾವ ವಿಷಯ ಕಥೆಯಲ್ಲಿ ಬೇಡ ಎಂಬುದೆಲ್ಲ ಅಲ್ಲಿ ಇತ್ಯರ್ಥವಾಗಬೇಕಾದದ್ದೇ. ಪಾತ್ರಗಳ ನಡುವಿನ ನಂಟಿಗೆ ಮಾತ್ರ ಎಲ್ಲರೂ ಎದ್ದು ಚೀಲ ಹೆಗಲಿಗೇರಿಸುವ ಹೊತ್ತೇ ಗತಿ.

ಫ್ಯಾಂಡೆಲ್ವರನ್ನೇ ತಿದ್ದುವುದಾದರೆ ಹೊಸ ನಿಯಮ ಬೇಕಿಲ್ಲ. ಗಾಡಿ ಹೊರಡುವ ಮೊದಲು ರೋಗ್ ಆಡುವವರನ್ನು ಕೇಳಬೇಕು: ಕ್ಲೆರಿಕ್‌ನ ಮನೆತನದ ಯಾವ ವಸ್ತುವನ್ನು ನೀನು ಕದ್ದಿದ್ದೆ? ಕ್ಲೆರಿಕ್ ಆಡುವವರನ್ನು ಕೇಳಬೇಕು: ಅದು ಗೊತ್ತಿದ್ದೂ ಇವನನ್ನು ಗಾಡಿಗೆ ಏಕೆ ಹತ್ತಿಸಿಕೊಂಡೆ? ಉತ್ತರ ಏನೇ ಬರಲಿ, ಸತ್ತ ಕುದುರೆಗಳ ಹತ್ತಿರ ಹೋಗುವ ಹೊತ್ತಿಗೆ ಇವರಿಬ್ಬರು ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತಿರುತ್ತಾರೆ. ಗುಹೆಯ ಒಂದೊಂದು ಗಾಬ್ಲಿನ್‌ಗೂ ಲೆಕ್ಕವಿಟ್ಟ 64 ಪುಟಗಳ ಪುಸ್ತಕ ಇಂಥ ಎರಡು ಪ್ರಶ್ನೆಗೆ ಎರಡು ಸಾಲು ಜಾಗ ಬಿಡಲಿಲ್ಲ.