ಡಬ್ಬಿಯ ಮೇಲಿನ ಎರಡು ಪದ

ಪ್ರಾಸ್ಟೇಟ್ ಅಂದ್ರೆ ಅಜ್ಜಂದಿರ ಸಮಾಚಾರ ಅಂತ ನಮ್ಮ ಹುಡುಗರ ನಂಬಿಕೆ. ಹಾಗಾಗಿ 33ನೇ ವಯಸ್ಸಿಗೇ ಕೆಳಹೊಟ್ಟೆ, ತೊಡೆಸಂದಿಯಲ್ಲಿ ನೋವು, ಮೂತ್ರ ಮಾಡುವಾಗ ಉರಿ ಶುರುವಾಗಿ ತಿಂಗಳುಗಟ್ಟಲೆ ಬಿಡದಿದ್ದರೂ ಯಾರ ಹತ್ರಾನೂ ಬಾಯಿ ಬಿಡಲ್ಲ. ರಾತ್ರಿ ಹನ್ನೆರಡಕ್ಕೆ ಮೊಬೈಲಲ್ಲಿ ಗಿಡಮೂಲಿಕೆ ಮಾತ್ರೆ ಆರ್ಡರ್ ಮಾಡ್ತಾರೆ. ಡಬ್ಬಿ ಮೇಲೆ ಹಸಿರು ಎಲೆ, ಕೆಳಗೆ ‘ಪ್ರಾಸ್ಟೇಟ್ ಆರೋಗ್ಯಕ್ಕೆ’. ನನ್ನ ತಕರಾರು ಆ ಎರಡು ಪದಗಳ ಬಗ್ಗೆ.

ವಯಸ್ಸಾದಂತೆ ಈ ಗ್ರಂಥಿ ದಪ್ಪಗಾಗೋದು ಒಂದು ತೊಂದರೆ. ದೀರ್ಘಕಾಲದ ಉರಿಯೂತ, ಅಂದರೆ ಕ್ರಾನಿಕ್ ಪ್ರಾಸ್ಟಟೈಟಿಸ್, ಬೇರೆಯೇ ತೊಂದರೆ. ಇದು 50 ದಾಟದವರನ್ನೂ ಬಿಡಲ್ಲ, ಬಹುಪಾಲು ಜನರಲ್ಲಿ ಬ್ಯಾಕ್ಟೀರಿಯಾ ಸಿಗೋದೂ ಇಲ್ಲ. ಡಬ್ಬಿಗೆ ಮಾತ್ರ ಎರಡೂ ಒಂದೇ.

ಸಾ ಪಾಮೆಟ್ಟೊ ನೋಡಿ. ಫ್ಲಾರಿಡಾ ಕಡೆ ಬೆಳೆಯುವ ಕುಳ್ಳ ತಾಳೆಯ ಹಣ್ಣು. ಅದು ಹೆಸರು ಮಾಡಿದ್ದು ಗ್ರಂಥಿ ದಪ್ಪಗಾದವರ ಔಷಧವಾಗಿ. ಅಂಥ 225 ಜನರನ್ನು ಎರಡು ಗುಂಪು ಮಾಡಿ ವರ್ಷವಿಡೀ ಪರೀಕ್ಷಿಸಿದಾಗ (2006) ಅದು ಡಮ್ಮಿ ಮಾತ್ರೆಗಿಂತ ಮೇಲಾಗಲಿಲ್ಲ. 2011ರಲ್ಲಿ ಡೋಸನ್ನು ಮೂರು ಪಟ್ಟಿಗೆ ಏರಿಸಿ ನೋಡಿದರು, ಆಗಲೂ ಅಷ್ಟೇ. ಉರಿಯೂತದವರಿಗೇ ಕೊಟ್ಟು ನೋಡಿದ 2004ರ ಅಧ್ಯಯನದಲ್ಲೂ ವರ್ಷದ ಕೊನೆಗೆ ಹೇಳಿಕೊಳ್ಳುವಂಥ ಗುಣವಿಲ್ಲ. ಆದರೂ ಎಷ್ಟೋ ಡಬ್ಬಿಗಳಲ್ಲಿ ಇದೇ ಹೀರೋ!

ಹಾಗಂತ ‘ಗಿಡಮೂಲಿಕೆಯೆಲ್ಲ ಬುರುಡೆ’ ಅಂತ ತಳ್ಳಿಹಾಕೋ ಡಾಕ್ಟರುಗಳ ಮಾತನ್ನೂ ನಾನು ಒಪ್ಪಲ್ಲ. ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್ ಅನ್ನು 500 ಮಿಲಿಗ್ರಾಂನಂತೆ ದಿನಕ್ಕೆರಡು ಸಲ, ಒಂದು ತಿಂಗಳು ಕೊಟ್ಟಾಗ (1999) ಮೂವರಲ್ಲಿ ಇಬ್ಬರಿಗೆ ತಕ್ಕಮಟ್ಟಿಗೆ ಆರಾಮಾಯಿತು. ಡಮ್ಮಿ ತಗೊಂಡವರಲ್ಲಿ ಐವರಿಗೆ ಒಬ್ಬರಿಗೆ. (ಈರುಳ್ಳಿ ಬಜ್ಜಿಯಿಂದ ಅಷ್ಟು ಸಿಗಲ್ಲ, ಆಸೆ ಬೇಡ.) ಆದರೆ ಅಲ್ಲಿದ್ದವರು ಬರೀ 30 ಜನ. ಜರ್ಮನಿಯಲ್ಲಿ ಪರಾಗದ ಸಾರವನ್ನು 139 ಜನರಲ್ಲಿ 12 ವಾರ ಪರೀಕ್ಷಿಸಿದ 2009ರ ಅಧ್ಯಯನ ಇದಕ್ಕಿಂತ ಗಟ್ಟಿ. ನೋವು ಇಳಿಯಿತು, ದಿನದ ಬದುಕು ಸಲೀಸಾಯಿತು. ಪೂರ್ತಿ ವಾಸಿ ಆಯ್ತು ಅಂತ ಅದೂ ಹೇಳಲ್ಲ.

‘ಗಿಡದ್ದು ತಾನೇ, ಏನಾಗುತ್ತೆ?’ ಅನ್ನೋರು ಪಿಸಿ-ಸ್ಪೆಸ್ ಕತೆ ಕೇಳಬೇಕು. ಮೂಲಿಕೆಗಳ ಮಿಶ್ರಣ ಅಂತ ಪ್ರಾಸ್ಟೇಟ್ ಕ್ಯಾನ್ಸರಿನವರಿಗೆ ಮಾರುತ್ತಿದ್ದ ಈ ಮಾತ್ರೆಯಲ್ಲಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಬೆರೆತದ್ದು ಪತ್ತೆಯಾಗಿ 2002ರಲ್ಲಿ ಅಮೆರಿಕದ ಅಂಗಡಿಗಳಿಂದ ವಾಪಸ್ ತರಿಸಿದರು.

ಕೊಳ್ಳೋ ಮುಂಚೆ ಮೂತ್ರದ ಕಲ್ಚರ್ ಮಾಡಿಸಿ, ನಿಮ್ಮದು ಯಾವ ತೊಂದರೆ ಅಂತ ಯೂರಾಲಜಿಸ್ಟ್ ಹತ್ರ ಕೇಳಿ. ಆಮೇಲೆ ಡಬ್ಬಿ ತಿರುಗಿಸಿ, ಯಾವ ಸಾರ, ಎಷ್ಟು ಮಿಲಿಗ್ರಾಂ ಅಂತ ಓದಿ. ಚಳಿಜ್ವರ ಬಂದು ಮೂತ್ರ ಕಟ್ಟಿಕೊಂಡರೆ ಮಾತ್ರ ಓದ್ತಾ ಕೂರಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.