ಕಪ್ಪೆಮೋರೆಯ ನಾಯಕ

ಗಂಡ ಯಾರನ್ನೋ ಮನೆಗೆ ಕರೆತಂದಿದ್ದಾನೆ. ಡೊರೊತಿ ಅಡುಗೆಮನೆಯಲ್ಲಿ ತಿಂಡಿಯ ಗಡಿಬಿಡಿಯಲ್ಲಿದ್ದಾಳೆ. ಆಗ ಬಾಗಿಲು ತಳ್ಳಿಕೊಂಡು ಆರೂವರೆ ಅಡಿ ಮೀರಿದ, ಕಪ್ಪೆಮೋರೆಯ ಹಸಿರು ಜೀವಿಯೊಂದು ಒಳಬರುತ್ತದೆ. ಸಾಗರ ಸಂಶೋಧನಾ ಸಂಸ್ಥೆಯಿಂದ ತಪ್ಪಿಸಿಕೊಂಡ ಅಪಾಯಕಾರಿ ಪ್ರಾಣಿಯೆಂದು ರೇಡಿಯೊ ಮೊದಲೇ ಸಾರಿದೆ. ಡೊರೊತಿ ಅದರ ಕೈಗೆ ಸೆಲರಿ ದಂಟೊಂದನ್ನು ಕೊಡುತ್ತಾಳೆ!

ಮನುಷ್ಯರಲ್ಲದ ಜೀವಿಗಳಿಗೆ ಹೆಣ್ಣು ಒಲಿಯುವ ಕಥೆಗಳ, ಅಂದರೆ ಮಾನ್‌ಸ್ಟರ್ ರೊಮ್ಯಾನ್ಸಿನ, ಲೋಕಕ್ಕೆ ನಾನು ಕಾಲಿಟ್ಟದ್ದು ಈ ಬಾಗಿಲಿನಿಂದಲೇ. ಲಂಡನ್ನಿನಲ್ಲಿ ನೆಲೆಸಿದ್ದ ಅಮೆರಿಕದ ಲೇಖಕಿ ರೇಚಲ್ ಇಂಗಲ್ಸ್ ಅವರ 'ಮಿಸೆಸ್ ಕ್ಯಾಲಿಬನ್' ಪ್ರಕಟವಾದದ್ದು 1982ರಲ್ಲಿ. ಕೂತಲ್ಲೇ ಓದಿ ಮುಗಿಸಬಹುದಾದ ಕಿರುಕಾದಂಬರಿ. ಅದರ ಜೀವಿಯ ಹೆಸರು ಲ್ಯಾರಿ. ಸಂಸ್ಥೆಯಲ್ಲಿ ಚಿತ್ರಹಿಂಸೆ ಉಂಡವನು, ತಪ್ಪಿಸಿಕೊಳ್ಳುವಾಗ ಕೊಲೆ ಮಾಡಿದವನು. ಡೊರೊತಿಯ ಮನೆಯಲ್ಲಿ ಮಾತ್ರ ಆವಕಾಡೊ ತಿನ್ನುತ್ತ, ಮನೆಗೆಲಸಕ್ಕೆ ಕೈಜೋಡಿಸುತ್ತ, ಕಂಡದ್ದನ್ನೆಲ್ಲ 'ಇದೇಕೆ ಹೀಗೆ' ಎಂದು ವಿಚಾರಿಸುತ್ತ ಇರುತ್ತಾನೆ. ಅವಳು ಮಗುವನ್ನು ಕಳೆದುಕೊಂಡವಳು. ಗಂಡನೊಂದಿಗೆ ಮಾತು ಬತ್ತಿಹೋಗಿದೆ. ಅಂಥ ಮನೆಯಲ್ಲಿ ಒಬ್ಬ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದೇ ಶೃಂಗಾರ. ಹಾಸಿಗೆಯ ಪ್ರಸಂಗಗಳಿಗಿಂತ ಈ ಮಾತುಕತೆಗಳನ್ನೇ ನಾನು ಮತ್ತೆ ಮತ್ತೆ ತಿರುವಿಹಾಕಿದ್ದೇನೆ.

ಮುಖ್ಯವಾಗಿ, ಲ್ಯಾರಿ ಲ್ಯಾರಿಯಾಗಿಯೇ ಉಳಿಯುತ್ತಾನೆ. 1740ರಲ್ಲಿ ವಿಲ್‌ನವ್ ಬರೆದು, 1756ರಲ್ಲಿ ಬೋಮೊಂಟ್ ಚಿಕ್ಕದಾಗಿಸಿದ 'ಸುಂದರಿ ಮತ್ತು ಮೃಗ' ಕಥೆಯಲ್ಲಿ ಮೃಗ ಕೊನೆಗೆ ರಾಜಕುಮಾರನಾಗಿಬಿಡುತ್ತದೆ. ಅಷ್ಟೂ ಹೊತ್ತು ಮೃಗವನ್ನೇ ಮೆಚ್ಚಿದವರಿಗೆ ಅದು ಮೋಸವೇ ಸರಿ. ಎ.ಕೆ. ರಾಮಾನುಜನ್ ಹೇಳಿದ ಜನಪದ ಕಥೆಗಳಿಂದ ಗಿರೀಶ ಕಾರ್ನಾಡರು ಕಟ್ಟಿದ 'ನಾಗಮಂಡಲ' ನಾಟಕದಲ್ಲೂ ನಾಗ ಬರುವುದು ಗಂಡನ ವೇಷದಲ್ಲಿ. ನಾಯಕಿ ರಾಣಿಗೆ ಕಾಣುವುದು ಗಂಡ ಅಪ್ಪಣ್ಣನ ಮುಖ. ನಾಟಕದ ಸೊಗಸಿರುವುದೇ ಆ ಮರೆಯಲ್ಲಿ. ಮಾನ್‌ಸ್ಟರ್ ರೊಮ್ಯಾನ್ಸಿನಲ್ಲಾದರೋ ಮರೆ ಇರಕೂಡದು: ಕೊಂಬು, ಬಾಲ, ಕಿವಿರು ಎಲ್ಲ ಕಣ್ಣಾರೆ ಕಂಡೇ ಹೆಣ್ಣು ಒಲಿಯಬೇಕು.

ಈ ಒರೆಗಲ್ಲಿಗೆ ರೂಬಿ ಡಿಕ್ಸನ್ ಅವರ 'ಐಸ್ ಪ್ಲಾನೆಟ್ ಬಾರ್ಬೇರಿಯನ್ಸ್' ಅರ್ಧ ಮಾತ್ರ ನಿಲ್ಲುತ್ತದೆ. 2015ರಲ್ಲಿ ಲೇಖಕಿಯೇ ಪ್ರಕಟಿಸಿಕೊಂಡು, 2021ರ ಹೊತ್ತಿಗೆ ಟಿಕ್‌ಟಾಕ್ ಓದುಗರಿಂದ ಮನೆಮಾತಾದ ಪುಸ್ತಕವಿದು. ಹಿಮಗ್ರಹದಲ್ಲಿ ಸಿಕ್ಕಿಬಿದ್ದ ಜಾರ್ಜಿಗೆ ಎದುರಾಗುವ ವೆಕ್ಟಾಲ್ ನೀಲಿ ಮೈಯ, ಕೊಂಬು ಬಾಲಗಳ ಬೇಟೆಗಾರ. ವೇಷವಿಲ್ಲ, ಸರಿ. ಆದರೆ ಅಲ್ಲಿ ಬದುಕಲು ಮೈಯೊಳಗೆ 'ಖುಯಿ' ಎಂಬ ಜೀವಿ ಸೇರಲೇಬೇಕು. ಅದು ಎದೆಯಲ್ಲಿ ಗುಂಯ್‌ಗುಟ್ಟಿದರೆ ಜೋಡಿ ನಿಶ್ಚಯ. ಜಾತಕ ಕೂಡಿಸುವ ಜೋಯಿಸರ ಕೆಲಸವನ್ನು ಇಲ್ಲಿ ಖುಯಿ ವಹಿಸಿಕೊಂಡಿದೆ. ಒಲ್ಲೆ ಎನ್ನುವ ಹಾದಿ ಇಲ್ಲದಿದ್ದರೆ ಒಲಿದದ್ದಕ್ಕೆ ಬೆಲೆ ಎಷ್ಟು?

ಕಟ್ಟಾ ಓದುಗರು ನನ್ನೊಂದಿಗೆ ಜಗಳಕ್ಕೆ ಬರಬಹುದು. ಸುಖಾಂತ್ಯವಿಲ್ಲದ್ದನ್ನು ಅವರು ರೊಮ್ಯಾನ್ಸ್ ಎಂದೇ ಒಪ್ಪುವುದಿಲ್ಲ. ಆ ಲೆಕ್ಕದಲ್ಲಿ ಇಂಗಲ್ಸ್ ಪಂಕ್ತಿಯಿಂದ ಹೊರಗೆ. ಸುಖಾಂತ್ಯವೇ ಬೇಕೆಂದರೆ ಡಿಕ್ಸನ್ ಸರಣಿ ಇದ್ದೇ ಇದೆ, ಪುಸ್ತಕಕ್ಕೊಂದು ಹೊಸ ಜೋಡಿ. ಶೃಂಗಾರದ ಪುಟಗಳು ಮಾತ್ರ ಧಾರಾಳ. ಬಸ್ಸಿನಲ್ಲಿ ಓದುವವರು ಕಿಟಕಿ ಪಕ್ಕದ ಸೀಟು ಹಿಡಿಯುವುದು ಒಳ್ಳೆಯದು.